ಎಮೆರಿಟಸ್ ನೀರುಗಂಟಿ

ನಮ್ಮ ದೊಡ್ಡಪ್ಪ ಪುಟ್ಟಮಾದಯ್ಯನವರು ಮೂವತ್ನಾಲ್ಕು ವರ್ಷ ನಾಲೆಯ ನೀರುಗಂಟಿಯಾಗಿ ದುಡಿದು ಏಪ್ರಿಲ್ ಮೂವತ್ತನೇ ತಾರೀಕು ನಿವೃತ್ತರಾದರು. ಮೇ ಒಂದನೇ ತಾರೀಕು ಊರಿನವರು ಅವರಿಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಿದರು. ನಮ್ಮೂರಿನಲ್ಲಿ ಇಷ್ಟು ಕರೆಕ್ಟಾಗಿ ಟೈಮಿಗೆ ನಡೆದ ಕೆಲಸ ಇನ್ನೊಂದಿಲ್ಲ.

ನೀರುಗಂಟಿ ಅಂದರೆ ನಾಲೆಯ ತೂಬು ಎತ್ತಿ, ಇಳಿಸಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಹಂಚುವವನು. ಹುದ್ದೆ ಚಿಕ್ಕದು. ಆದರೆ ತೂಬು ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಅವನ ಹೆಗಲ ಮೇಲಿರುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಹೀರೋ ಕೈಗೆ ಮಚ್ಚು ಕೊಡುವ ಬದಲು ಆ ಹ್ಯಾಂಡಲ್ ಕೊಟ್ಟು ನಿಲ್ಲಿಸಿದರೆ ಸಾಕು, ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ. ದೊಡ್ಡಪ್ಪ ನಿಂಗಯ್ಯನ ಟೀ ಅಂಗಡಿಗೆ ಬಂದರೆ ಬೆಂಚಿನ ಮೇಲಿದ್ದ ನಾಲ್ಕು ಜನ ಸರಿದು ಜಾಗ ಮಾಡುತ್ತಿದ್ದರು. ಯಾರ ಮನೆಯಲ್ಲಿ ಕೋಳಿ ಕೂಗು ನಿಂತರೂ ಅದರ ಒಂದು ಕಾಲು ಇವರ ಎಲೆಗೆ ಬರುತ್ತಿತ್ತು. ಈಗ ಯಾರೂ ಸರಿಯುವುದಿಲ್ಲ. ನಿಂಗಯ್ಯ ಟೀಗೆ ಸಕ್ಕರೆ ಎಷ್ಟು ಎಂದು ಕೇಳುತ್ತಾನೆ. ಮೂವತ್ನಾಲ್ಕು ವರ್ಷ ಕೇಳದೆ ಹಾಕಿದವನು.

ಇಂಥ ಹೊತ್ತಿನಲ್ಲಿ ಅವರ ಒಬ್ಬಳೇ ಮಗಳು ಚಂದನಕ್ಕನ ಮದುವೆ ಶ್ರಾವಣಕ್ಕೆ ಗೊತ್ತಾಯಿತು. ಗಂಡಿನ ಕಡೆಯವರು ಅದೇ ನಾಲೆಯ ಕೊನೆಯಲ್ಲಿ, ನಮ್ಮೂರಿನಿಂದ ಎಂಟು ಕಿಲೋಮೀಟರ್ ಕೆಳಗೆ, ಕಿರುಗಾವಲಿನ ಕಡೆಯವರು. ಬೀಗರು ಚಿಕ್ಕಬೋರಯ್ಯ. ಅವರು ಕೊಟ್ಟ ಹೆಸರಿನ ಪಟ್ಟಿ ನೋಡಿದರೆ ಅದು ಮದುವೆಯ ಕರೆಯೋಲೆಯೋ ವಿಧಾನಸೌಧದ ಬೋರ್ಡೋ ತಿಳಿಯುತ್ತಿರಲಿಲ್ಲ. ಒಬ್ಬರು ಉಪ ತಹಸೀಲ್ದಾರ್, ಒಬ್ಬರು ಪಿಡಿಒ, ಇಬ್ಬರು ಹೈಸ್ಕೂಲ್ ಮೇಷ್ಟ್ರು. ಹೆಣ್ಣಿನ ಕಡೆಯ ಮೊದಲ ಸಾಲು ನಮ್ಮ ದೊಡ್ಡಪ್ಪನದು.

ಕಾರ್ಡು ಹೊಡೆಯುವವನು ನಾನು, ಸ್ವರೂಪ್. ಮಳವಳ್ಳಿಯಲ್ಲಿ ನನ್ನದೊಂದು ಫ್ಲೆಕ್ಸ್ ಮತ್ತು ಲಗ್ನಪತ್ರಿಕೆ ಅಂಗಡಿ ಇದೆ. ‘ಈ ಸ್ವರೂಪ ಒಂದ್ಸಲ ಪ್ರಿಂಟ್ ಕೊಟ್ರೆ, ದೇವರೇ ಬಂದ್ರೂ ಪ್ರೂಫ್ ಇಲ್ಲ’ ಎಂದು ಗೋಡೆ ಮೇಲೆ ನಾನೇ ಬರೆಸಿದ್ದೇನೆ. ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು ಕಂಪ್ಯೂಟರಿನಲ್ಲಿ ತಮ್ಮ ಹೆಸರು ಮೂಡುವುದನ್ನು ನೋಡುತ್ತಿದ್ದರು. ಕೆಳಗೆ ನಾನು ‘ನಿವೃತ್ತ ನೀರುಗಂಟಿ’ ಎಂದು ಕುಟ್ಟಿದೆ.

“ಆ ಮೊದಲ್ನೇ ಪದ ತಗುದ್ಬುಡ್ಲಾ.”

“ತಗುದ್ರೆ ಇನ್ನೂ ಕೆಲ್ಸದಲ್ಲಿದ್ದೀರಿ ಅಂತಾಯ್ತದೆ ದೊಡ್ಡಪ್ಪ. ಸುಳ್ಳಾಯ್ತದೆ.”

“ಸುಳ್ಳೂ ಬ್ಯಾಡ, ಆ ಪದಾನೂ ಬ್ಯಾಡ. ಬೀಗ್ರ ಮುಂದೆ ಇವುನ್ ಕತೆ ಮುಗೀತು ಅನ್ನಂಗಿರ್ಬಾರ್ದು. ಏನಾರಾ ಮಾಡು.”

ಏನಾದರೂ ಮಾಡು ಎಂದು ನನ್ನಂಥವನಿಗೆ ಹೇಳಬಾರದು. ಹಿಂದಿನ ವಾರ ತಾನೇ ಮಂಡ್ಯದ ಒಬ್ಬ ಪ್ರೊಫೆಸರ್ ಸನ್ಮಾನಕ್ಕೆ ಬ್ಯಾನರ್ ಹೊಡೆದಿದ್ದೆ. ಅವರ ಹೆಸರಿನ ಕೆಳಗೆ ‘ಎಮೆರಿಟಸ್ ಪ್ರೊಫೆಸರ್’ ಎಂದಿತ್ತು. ರಿಟೈರಾದ ದೊಡ್ಡವರಿಗೆ ಹಾಕುವ ಪದ, ಆದರೆ ರಿಟೈರ್ ಅಂತ ಯಾರಿಗೂ ಅನ್ನಿಸುವುದಿಲ್ಲ ಎಂದು ಬ್ಯಾನರ್ ತಗೊಂಡು ಹೋದವರು ಹೇಳಿದ್ದರು. ನಾನು ‘ನಿವೃತ್ತ’ ಅಳಿಸಿ ‘ಎಮೆರಿಟಸ್’ ಹಾಕಿದೆ. ಎಮೆರಿಟಸ್ ನೀರುಗಂಟಿ. ತಲೆಯೊಳಗೆ ಆಗಲೇ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಶುರುವಾಗಿತ್ತು.

ದೊಡ್ಡಪ್ಪ ಮೂರು ಸಲ ಓದಿ, ಇದು ಯಾವ ಭಾಷೆ ಎಂದು ಕೇಳಿದರು. ಲ್ಯಾಟಿನ್ ಎಂದೆ. ಲ್ಯಾಟಿನ್ನಿನವರು ಯಾವ ಕಡೆಯವರು ಎಂದರು. ರೋಮಿನ ಕಡೆಯವರು, ಬಹಳ ದೂರ ಎಂದೆ. ಕಾವೇರಿ ಆ ಕಡೆಗೆ ಹರಿಯುವುದಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಂಡು ಒಪ್ಪಿದರು.

ಖುಷಿಯಲ್ಲಿ ನಾನೊಂದು ಫ್ಲೆಕ್ಸನ್ನೂ ಹೊಡೆದೆ. ಹತ್ತು ಅಡಿ ಎತ್ತರ, ದೊಡ್ಡಪ್ಪನ ನಗುಮುಖ, ಹಿಂದೆ ಉಕ್ಕುವ ನೀರು, ಕೆಳಗೆ ಚಿನ್ನದ ಬಣ್ಣದಲ್ಲಿ ಆ ಪದ. ನಾಲೆ ರಸ್ತೆಯ ತಿರುವಿನಲ್ಲಿ ಮಣ್ಣು ಮೆತ್ತಗಿದ್ದ ಜಾಗ ನೋಡಿ ಗುಣಿ ತೋಡಿ ಕಂಬ ನೆಟ್ಟೆ.

ದೊಡ್ಡವ್ವ ಶಿವನಂಜಮ್ಮ ಮನೆಮನೆಗೆ ಕುಂಕುಮ ಇಟ್ಟು ಕಾರ್ಡು ಕೊಟ್ಟು ಬಂದರು. ಎರಡನೇ ದಿನದ ಹೊತ್ತಿಗೆ ನಿಂಗಯ್ಯನ ಅಂಗಡಿಯಲ್ಲಿ ವಿಚಾರಣೆ ಮುಗಿದು ತೀರ್ಪೂ ಬಂದಿತ್ತು. ನಿಂಗಯ್ಯನ ಲೆಕ್ಕ ಸರಳವಾಗಿತ್ತು. ಸರ್ಕಾರದಲ್ಲಿ ಹುದ್ದೆ ಮೇಲೆ ಹೋದಷ್ಟೂ ಹೆಸರು ಬಾಯಿಗೆ ಸಿಗುವುದಿಲ್ಲ. ಜವಾನ ಎಂದರೆ ಮಗುವೂ ಹೇಳುತ್ತದೆ. ಅಸಿಸ್ಟೆಂಟ್ ಇಂಜಿನಿಯರ್ ಅನ್ನಲು ಒಮ್ಮೆ ಎಂಜಲು ನುಂಗಬೇಕು. ಎಕ್ಸಿಕ್ಯೂಟಿವ್ ಇಂಜಿನಿಯರ್ ಅನ್ನಲು ನೀರು ಕುಡಿಯಬೇಕು. ಈ ಪದವನ್ನೋ ಅಂಗಡಿಯಲ್ಲಿದ್ದ ಒಂಬತ್ತು ಜನರಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಹಾಗಾಗಿ ಪುಟ್ಟಮಾದಯ್ಯನನ್ನು ಸರ್ಕಾರ ಮತ್ತೆ ಕರೆಸಿಕೊಂಡಿದೆ, ಈ ಸಲ ಇಂಜಿನಿಯರಿಗಿಂತ ಮೇಲೆ ಕೂರಿಸಿದೆ. ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಮರುದಿನ ದೊಡ್ಡಪ್ಪ ಅಂಗಡಿಗೆ ಹೋದರೆ ಬೆಂಚಿನ ಮೇಲಿದ್ದವರು ಸರಿಯಲಿಲ್ಲ, ಎದ್ದೇ ನಿಂತರು. ಇಡೀ ಬೆಂಚಿನ ಮೇಲೆ ಒಬ್ಬರೇ ಕೂತು ಟೀ ಕುಡಿದು ಬಂದು, ಜನಕ್ಕೆ ಬುದ್ಧಿ ಬಂದದೆ ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ಮೊದಲು ಬಂದವನು ಮಹದೇವು, ದೊಡ್ಡಪ್ಪನ ಜಾಗಕ್ಕೆ ಹೊರಗುತ್ತಿಗೆ ಮೇಲೆ ಬಂದ ಹೊಸ ನೀರುಗಂಟಿ. ತೂಬಿನ ಹ್ಯಾಂಡಲನ್ನು ಟವೆಲಿನಲ್ಲಿ ಮಗುವಿನಂತೆ ಸುತ್ತಿ ತಂದು ದೊಡ್ಡಪ್ಪನ ಕಾಲ ಬಳಿ ಇಟ್ಟ. ಕೆಲಸದಿಂದ ತೆಗೆಯಬೇಡಿ, ನಿಮ್ಮ ಕೈಕೆಳಗೆ ಇರುತ್ತೇನೆ, ಹೆಂಡತಿ ಬಸುರಿ ಎಂದು ಒಂದೇ ಉಸಿರಿಗೆ ಹೇಳಿದ. ಆಗ ದೊಡ್ಡಪ್ಪ ನಿಜ ಹೇಳಬೇಕಿತ್ತು. ತೂಕ ನೋಡೋಣ ಎಂದು ಹ್ಯಾಂಡಲ್ ಎತ್ತಿಕೊಂಡರು. ಎತ್ತಿಕೊಂಡದ್ದನ್ನು ಕೆಳಗಿಡಲು ಅವರ ಕೈ ಕೇಳಲಿಲ್ಲ. ಆ ಸಂಜೆ ಹ್ಯಾಂಡಲಿಗೆ ದೇವರ ಮನೆಯಲ್ಲಿ ವಿಭೂತಿ ಬಿದ್ದಿತ್ತು. ಮಹದೇವು ದಿನಾ ಬೆಳಗ್ಗೆ ಬಂದು ಅದನ್ನು ಇಸ್ಕೊಂಡು ಹೋಗಿ, ಸಂಜೆ ತಂದೊಪ್ಪಿಸುವುದು ಎಂದಾಯಿತು.

ಆಮೇಲೆ ಮಂಚಮ್ಮ. ನಾಲೆಯ ಕಟ್ಟಕಡೆಯ ಗದ್ದೆ ಅವಳದು, ಬೀಗರ ಗದ್ದೆಯ ಪಕ್ಕಕ್ಕೇ. ನೀರು ಬಂದರೂ ತಡವಾಗಿ ಬಂತೆಂದು ಮೂವತ್ನಾಲ್ಕು ವರ್ಷ ದೊಡ್ಡಪ್ಪನಿಗೆ ಮೂರು ತಲೆಮಾರು ಸೇರಿಸಿ ಬೈದವಳು. ಅವಳು ಬಾಗಿಲಲ್ಲಿ ನಿಂತು ಕೈ ಮುಗಿದು ‘ಸಾಮಿ’ ಎಂದಾಗ ದೊಡ್ಡಪ್ಪ ಹೆದರಿ ಎರಡು ಹೆಜ್ಜೆ ಹಿಂದೆ ಹೋದರು. ಈ ಸಲ ನಾಲೆಗೆ ನೀರು ಬಿಟ್ಟು ಹದಿನೈದು ದಿನವಾದರೂ ಕೊನೆ ಭಾಗಕ್ಕೆ ಇರುವೆ ಕಾಲು ನೆನೆಯುವಷ್ಟೂ ಬಂದಿಲ್ಲ, ಒಟ್ಲು ಮಡಿಯಲ್ಲಿ ಪೈರು ಬಲಿತು ನಾಟಿಗೆ ಕಾಯುತ್ತಾ ಇದೆ ಎಂದು ತಣ್ಣಗೆ ಹೇಳಿದಳು. ಅವಳು ಬೈದಿದ್ದರೆ ದೊಡ್ಡಪ್ಪ ಮರೆತುಬಿಡುತ್ತಿದ್ದರು. ಬೈಯಲಿಲ್ಲವಾದ್ದರಿಂದ ಊಟ ಸೇರಲಿಲ್ಲ.

ಮದುವೆಗೆ ನಾಲ್ಕು ದಿನ ಇರುವಾಗ, ಸಂಜೆ ಹೊತ್ತು, ಬೀಗರು ಚಿಕ್ಕಬೋರಯ್ಯ ಹನ್ನೆರಡು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದರು. ಶಾಸ್ತ್ರದ ಮಾತು ಇರಬೇಕೆಂದು ದೊಡ್ಡವ್ವ ವೀಳ್ಯದ ತಟ್ಟೆ ತಂದರೆ, ಬಂದವರು ತಟ್ಟೆ ನೋಡಲಿಲ್ಲ, ದೇವರ ಮನೆಯಲ್ಲಿದ್ದ ಹ್ಯಾಂಡಲ್ ನೋಡಿದರು. ಬೀಗರು ಎದ್ದುನಿಂತರು. ಇಂಟರ್ವಲ್ ಸೀನಿಗೆ ನಿಲ್ಲುತ್ತಾರಲ್ಲ, ಹಾಗೆ.

“ಬೀಗ್ರೇ, ನಮ್ಮೂರೋರ ಮುಂದೆ ಒಂದ್ ಮಾತ್ ಕೊಟ್ಬುಟ್ಟಿವ್ನಿ. ನಮ್ ಬೀಗ್ರು ದೊಡ್ಡ್ ಜಾಗದಲ್ಲವ್ರೆ, ಮದ್ವೆ ಒತ್ಗೆ ನಮ್ ಗದ್ದೇಲಿ ನೀರಿರ್ತದೆ ಅಂದಿವ್ನಿ. ಅಂಗಾಗ್ದಿದ್ರೆ ನಾನು ಯಾವ್ ಮಕ ಇಟ್ಕಂಡು ದಿಬ್ಬಣ ಕರ್ಕಂಡ್ ಬರ್ಲಿ.”

ಹದಿಮೂರು ಜೊತೆ ಕಣ್ಣು ದೊಡ್ಡಪ್ಪನ ಮೇಲೆ. ನಾನು ಬಾಗಿಲ ಮರೆಯಿಂದ, ಬೇಡ ಬೇಡ ಎಂದು ಕೈ ಆಡಿಸಿದೆ.

“ನೀರು ಬತ್ತದೆ, ಓಗಿ,” ಎಂದರು ದೊಡ್ಡಪ್ಪ.

ಟೆಂಪೋ ಹೋದ ಮೇಲೆ ಅವರು ಕಂಬಕ್ಕೊರಗಿ ಕೂತರು. ಚಂದನಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು. ಬಿಎಡ್ ಮಾಡಿದವಳು, ಅರಿಶಿನ ಮೆತ್ತಿದ ಕೈಯಲ್ಲೇ ಕಿವಿ ಹಿಡಿದಳು.

“ಛತ್ರದಲ್ಲಿ ಅಪ್ಪನ ತಲೆ ತಗ್ಗಬೇಕಾಗಿ ಬಂದ್ರೆ ಸ್ವರೂಪ, ನಿನ್ ಫೋಟೋ ಹಾಕಿ ನಾನೇ ಒಂದ್ ಫ್ಲೆಕ್ಸ್ ಹೊಡಿಸ್ತೀನಿ. ಅದಕ್ಕೆ ಹಾರಾನೂ ಇರ್ತದೆ.”

ಅಷ್ಟರಲ್ಲಿ ಕೊನೆ ಭಾಗದ ಇಪ್ಪತ್ತಮೂರು ರೈತರು ಸಹಿ, ಹೆಬ್ಬೆಟ್ಟು ಹಾಕಿ ಒಂದು ಅರ್ಜಿ ಬರೆದಿದ್ದರು. ‘ಗೆ, ಮಾನ್ಯ ಎಮೆರಿಟಸ್ ನೀರುಗಂಟಿಯವರು.’ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಪ್ರತಿಯನ್ನು ಮಾಹಿತಿಗಾಗಿ ಇಂಜಿನಿಯರ್ ಅವರಿಗೆ’ ಎಂದಿತ್ತು. ಇಂಜಿನಿಯರ್ ಮೇಡಂ ರಂಜಿತ ಅವರಿಗೆ ತಾವು ಬರೀ ಮಾಹಿತಿಗಾಗಿ ಕೂತಿದ್ದೇವೆಯೇ ಎಂಬ ಅನುಮಾನ ಬಂದು, ಮರುದಿನ ಬೆಳಗ್ಗೆಯೇ ಜೀಪು ಕಳಿಸಿದರು. ದೊಡ್ಡಪ್ಪನ ಜೊತೆ ನಾನೂ ಹತ್ತಿದೆ.

ಆಫೀಸಿನಲ್ಲಿ ಮೇಡಂ ಮೇಜಿನ ಮೇಲೆ ಒಂದು ಕಡೆ ಅರ್ಜಿ, ಒಂದು ಕಡೆ ನಮ್ಮ ಲಗ್ನಪತ್ರಿಕೆ. ಕುರ್ಚಿ ತೋರಿಸಿದರೂ ದೊಡ್ಡಪ್ಪ ಕೂರಲಿಲ್ಲ. ಮಹದೇವು ಮೂಲೆಯಲ್ಲಿ ಹ್ಯಾಂಡಲ್ ತಬ್ಬಿಕೊಂಡು ನಿಂತಿದ್ದ. ಈ ಹುದ್ದೆಯನ್ನು ಮಂಜೂರು ಮಾಡಿದವರು ಯಾರು ಎಂದು ಮೇಡಂ ಕೇಳಿದರು. ನಾನು ಕೈ ಎತ್ತಿದೆ. ಹೀರೋ ತಪ್ಪೊಪ್ಪಿಕೊಳ್ಳುವ ಸೀನಿನಲ್ಲಿ ಮಳೆ ಬರುತ್ತದೆ, ಇಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ.

“ಏನರ್ಥ ಅದಕ್ಕೆ, ಓದು,” ಎಂದರು ಮೇಡಂ.

ಫೋನು ತೆಗೆದು ಓದಿದೆ. ಹಾಕುವಾಗ ಓದದವನು ಆಗ ಮೊದಲ ಸಲ ಪೂರ್ತಿ ಓದಿದ್ದು. ಪದ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ. ದುಡಿದು ಗಳಿಸಿಕೊಂಡವನು, ಸೇವೆ ತೀರಿಸಿದವನು ಎಂದು. ರೋಮಿನವರು ಅದನ್ನು ಅವಧಿ ಮುಗಿಸಿ ಮಾನವಾಗಿ ಮನೆಗೆ ಹೊರಟ ಸಿಪಾಯಿಗೆ ಹೇಳುತ್ತಿದ್ದರು. ಇಂಗ್ಲಿಷಿನವರು ಅದನ್ನು ತಗೊಂಡು ಹೋಗಿ ಪ್ರೊಫೆಸರುಗಳಿಗೆ ಕೊಟ್ಟರು. ಫ್ರಾನ್ಸಿನವರ ಬಾಯಲ್ಲಿ ಅದು ಕೆಲಸದಲ್ಲಿ ಪಳಗಿದವನು, ನಿಪುಣ ಎಂದಾಯಿತು. ಇಟಲಿಯವರು ಮಾತ್ರ ಮರ್ಯಾದೆಗೂ ಬಳಸುತ್ತಾರೆ, ತಮಾಷೆಗೆ ಬೈಗುಳದ ಮುಂದೆಯೂ ಸೇರಿಸುತ್ತಾರೆ. ಬರೀ ದಡ್ಡ ಎಂದರೆ ಸಾಲದಾದಾಗ ಎಮೆರಿಟಸ್ ದಡ್ಡ ಎನ್ನುತ್ತಾರೆ.

“ಅದು ನಿಂಗೆ ಸರಿಯಾಗದೆ,” ಎಂದರು ದೊಡ್ಡಪ್ಪ ನನ್ನ ಕಡೆ ತಿರುಗದೆಯೇ.

ಇನ್ನೂ ಇತ್ತು, ಓದಿದೆ. ಸ್ಪೇನ್ ದೇಶದಲ್ಲಿ ಮೆರಿಡಾ ಎಂಬ ಊರಿದೆ. ರಿಟೈರಾದ ರೋಮ್ ಸಿಪಾಯಿಗಳಿಗೆ ಜಮೀನು ಕೊಟ್ಟು ಕೂರಿಸಿದ ಊರು, ಇದೇ ಪದದಿಂದ ಅದಕ್ಕೆ ಆ ಹೆಸರು. ದೊಡ್ಡಪ್ಪ ಮೊದಲ ಸಲ ತಲೆ ಎತ್ತಿದರು. ಜಮೀನಿಗೆ ನೀರಿತ್ತಾ ಎಂದು ಕೇಳಿದರು. ಹುಡುಕಿದೆ. ಪಕ್ಕದಲ್ಲಿ ಅವರ ಕಾಲದ ಕೆರೆ, ಏರಿ, ನೀರು ತರುವ ಕಾಲುವೆ ಎಲ್ಲಾ ಇನ್ನೂ ಇವೆಯಂತೆ. ತೂಬು ಯಾರು ನೋಡಿಕೊಳ್ಳುತ್ತಿದ್ದರು ಎಂದರು. ಅದು ಫೋನಿನಲ್ಲಿ ಇರಲಿಲ್ಲ. ಅಂಥ ಮುಖ್ಯವಾದುದನ್ನೇ ಬರೆಯುವುದಿಲ್ಲ ಎಂದು ದೊಡ್ಡಪ್ಪ ಬೇಸರ ಮಾಡಿಕೊಂಡರು.

ಮೇಡಂ ನಗು ಬಾಯೊಳಗೇ ಇಟ್ಟುಕೊಂಡು, ಅರ್ಜಿಯನ್ನು ಮುಂದೆ ತಳ್ಳಿದರು. ತೂಬಿನಲ್ಲಿ ನೀರು ಅಳತೆ ಪ್ರಕಾರ ಪೂರ್ತಿ ಹೋಗುತ್ತಿದೆ, ನಾಲೆ ಎಲ್ಲೂ ಒಡೆದಿಲ್ಲ, ಕಳ್ಳತೂಬಿಲ್ಲ, ಆದರೆ ತಿರುವಿನ ಕೆಳಗೆ ನೀರು ಸೊರಗುತ್ತದೆ. ಮಹದೇವು ಮೂರು ಸಲ ನಡೆದು ನೋಡಿದ್ದಾನೆ, ತಾವೂ ಎರಡು ಸಲ ನೋಡಿದ್ದೇವೆ ಎಂದರು.

“ಏನಿರ್ಬೋದು ಪುಟ್ಟಮಾದಯ್ಯ?”

“ನನ್ನ ಕೇಳ್ತಾ ಇದ್ದೀರಾ?”

“ನಿಮ್ಮನ್ನೇ ಕೇಳ್ತಾ ಇರೋದು.”

ದೊಡ್ಡಪ್ಪ ಆಗ ಕುರ್ಚಿಯಲ್ಲಿ ಕೂತು ಹೇಳಿದರು. ರಸ್ತೆ ತಿರುವಿನಲ್ಲಿ ನಾಲೆ ಮೋರಿಯೊಳಗೆ ನುಗ್ಗುವ ಮೊದಲು ಒಂದು ಹೂಳುಗುಂಡಿ ಇದೆ. ಮೇಲೆ ಚಪ್ಪಡಿ, ಚಪ್ಪಡಿ ಮೇಲೆ ಮಣ್ಣು ಹುಲ್ಲು, ನೋಡಿದರೆ ರಸ್ತೆ ಅಂಚು ಎನ್ನಬೇಕು. ವರ್ಷವೂ ನೀರು ಬಿಡುವ ಹಿಂದಿನ ವಾರ ಇಬ್ಬರು ಆಳು ಕರೆದುಕೊಂಡು ಹೋಗಿ ಅದನ್ನು ತೆಗೆದು ಹೂಳು ಎತ್ತುತ್ತಿದ್ದರು. ಯಾರೂ ಮಾಡು ಅಂದದ್ದಲ್ಲ, ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವರ ಹಿಂದಿನ ನೀರುಗಂಟಿ ಬಾಯಲ್ಲಿ ಹೇಳಿಕೊಟ್ಟದ್ದು. ಈ ವರ್ಷ ಮಾಡಿಲ್ಲ. ಹೂಳು ಕಟ್ಟಿದರೆ ನೀರು ಮೋರಿ ದಾಟದೆ ಮೇಲಿನ ಗದ್ದೆಗಳಲ್ಲೇ ಉಳಿದುಬಿಡುತ್ತದೆ.

ಅದನ್ನು ಮಹದೇವುಗೆ ಹೇಳಬಾರದಿತ್ತೇ ಎಂದು ಮೇಡಂ ಕೇಳಿದರು.

“ನಿವೃತ್ತ ಆದೋನು ನಾಲೆ ತಾವ್ಕೋದ್ರೆ, ಇವುಂಗಿನ್ನೂ ಚಪ್ಲ ಓಗಿಲ್ಲ ಅಂತಾರೆ ತಾಯಿ. ಯಾರಾರ ಬಂದು ಕೇಳ್ಲಿ ಅಂತ ಕಾಯ್ತಾ ಕುಂತಿದ್ದೆ.”

ಮಹದೇವು ತಲೆ ತಗ್ಗಿಸಿದ. ಈ ಮೂರು ತಿಂಗಳೂ ಕೇಳಲು ತನಗೂ ನಾಚಿಕೆಯಾಗಿತ್ತು, ಕೆಲಸ ಬರುವುದಿಲ್ಲ ಎಂದು ತೆಗೆದುಬಿಟ್ಟರೆ ಎಂದು ಅವನು ಗೊಣಗಿದ.

ಮೇಡಂ ಎದ್ದರು. ಗುಂಡಿ ತಿರುವಿನಲ್ಲಿ ಎಲ್ಲಿ ಎಂದು ಕೇಳಿದರು. ದೊಡ್ಡಪ್ಪ ಹೇಳಲು ಬಾಯಿ ತೆರೆದು, ಕಣ್ಣು ಮುಚ್ಚಿ ಆ ಜಾಗವನ್ನು ನೆನೆದು, ನಿಧಾನವಾಗಿ ನನ್ನ ಕಡೆ ತಿರುಗಿದರು.

“ಈಗ ಅದರ ಮ್ಯಾಲೆ ನಾನೇ ನಗ್ತಾ ನಿಂತಿವ್ನಿ.”

ಅಂದೇ ಹಗಲು ತೂಬು ಇಳಿಯಿತು, ಫ್ಲೆಕ್ಸೂ ಕೆಳಗಿಳಿಯಿತು. ಕಂಬ ಕೀಳಲು ನಿಂಗಯ್ಯನ ಟೀ ಅಂಗಡಿಯ ಪೂರ್ತಿ ನ್ಯಾಯಪೀಠವೇ ಬಂದಿತ್ತು. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಇಲ್ಲಿ ಗುದ್ದಲಿ ಹಾಕು, ಅಲ್ಲಿ ಹಾರೆ ಕೊಡು ಎಂದು ತೋರಿಸಿದರು. ಮಹದೇವು ಗುಂಡಿಗೆ ಇಳಿದ. ಎದೆಮಟ್ಟ ಹೂಳು, ಅದರಲ್ಲಿ ಪ್ಲಾಸ್ಟಿಕ್ಕು, ತೆಂಗಿನ ಗರಿ, ಒಂದು ಪೂರ್ತಿ ಸೈಕಲ್ ಚಕ್ರ. ಎತ್ತಿದ ಹೂಳು ರಸ್ತೆಗೆ ಬೀಳದಿರಲಿ ಎಂದು ಕೆಳಗೆ ಹಾಸಲು ಏನಾದರೂ ಬೇಕಾಯಿತು. ಎಲ್ಲರೂ ಫ್ಲೆಕ್ಸ್ ನೋಡಿದರು. ದೊಡ್ಡಪ್ಪನೇ ಅದನ್ನು ಹಾಸಿ, ಹತ್ತಡಿಯ ತಮ್ಮ ಮುಖದ ಮೇಲೆ ಮೊದಲ ಬಾಂಡ್ಲಿ ಸುರಿದರು. ನನ್ನ ಆರ್ಟಿಗೆ ಯಾರೂ ಒಂದು ನಿಮಿಷ ಮೌನ ಕೊಡಲಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ಮದುವೆ ಹಿಂದಿನ ದಿನ ಮಧ್ಯಾಹ್ನ ಚಪ್ಪಡಿ ಮುಚ್ಚಿದರು, ಮಹದೇವು ತೂಬು ಎತ್ತಿದ. ಹ್ಯಾಂಡಲ್ ಇನ್ನು ಮೇಲೆ ನಮ್ಮ ದೇವರ ಮನೆಗೆ ಬರುವುದು ಬೇಡ, ನಿನ್ನ ಮನೆಯಲ್ಲೇ ಇರಲಿ ಎಂದು ದೊಡ್ಡಪ್ಪ ಅವನಿಗೆ ಹೇಳಿದರು. ನೀರು ಎಂಟು ಕಿಲೋಮೀಟರ್ ಹೋಗಬೇಕು, ಒಣಗಿದ ನಾಲೆ ಮೊದಲು ತಾನೇ ಕುಡಿಯುತ್ತದೆ. ನಾಳೆ ಬೆಳಗ್ಗೆ ಮುಟ್ಟಿದರೆ ಮುಟ್ಟಿತು.

ಮಳವಳ್ಳಿಯ ಛತ್ರ. ಮುಹೂರ್ತ ಹತ್ತೂಕಾಲಿನಿಂದ ಹನ್ನೊಂದು. ಒಂಬತ್ತಕ್ಕೆ ಬಂದ ದಿಬ್ಬಣದ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇತ್ತು. ಒಂಬತ್ತೂವರೆಗೆ, ಬಂದಿದ್ದ ಅರ್ಧದಲ್ಲಿ ಅರ್ಧ ಜನ ಫೋನು ಕಿವಿಗಿಟ್ಟುಕೊಂಡು ಉಪ್ಪಿಟ್ಟು ಬಿಟ್ಟು ಎದ್ದುಹೋದರು. ಹತ್ತಕ್ಕೆ ನೋಡಿದರೆ ಗಂಡು ಮಂಟಪದಲ್ಲಿ, ಗಂಡಿನ ತಾಯಿ ಮಂಟಪದಲ್ಲಿ, ಬೀಗರು ಚಿಕ್ಕಬೋರಯ್ಯ ಎಲ್ಲೂ ಇಲ್ಲ. ಯಾರದೋ ಬೈಕ್ ಕಿತ್ತುಕೊಂಡು ಹೊರಟರು ಎಂದು ಸುದ್ದಿ ಬಂತು.

ದೊಡ್ಡಪ್ಪ ರೇಷ್ಮೆ ಪಂಚೆಯಲ್ಲಿ ಬೆವರುತ್ತಾ ನಿಂತಿದ್ದರು. ನೀರು ಬರಲಿಲ್ಲ, ಮಾತು ತಪ್ಪಿತು, ಬೀಗರು ಮುನಿಸಿಕೊಂಡು ಹೋದರು ಎಂದು ಅವರಿಗೆ ಖಚಿತವಾಗಿತ್ತು. ಪುರೋಹಿತರು ಮೂರು ಸಲ ಗಡಿಯಾರ ನೋಡಿದರು. ಚಂದನಕ್ಕ ಬಾಸಿಂಗದ ಕೆಳಗಿನಿಂದ ನನ್ನನ್ನು ನೋಡಿದ ನೋಟಕ್ಕೆ ಸೆನ್ಸಾರಿನವರು ಖಂಡಿತ ಕತ್ತರಿ ಹಾಕುತ್ತಿದ್ದರು. ನಾನು ಅಡುಗೆಮನೆಯ ಹಿಂಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಂಡೆ.

ಹತ್ತೂವರೆಗೆ ಬಾಗಿಲಲ್ಲಿ ಬೈಕ್ ನಿಂತಿತು. ಬೀಗರು ಒಳಗೆ ಬಂದರು. ಜರಿ ಪಂಚೆ ಮೊಣಕಾಲ ಮೇಲಕ್ಕೆ ಕಟ್ಟಿದೆ, ಮೊಣಕಾಲಿಂದ ಕೆಳಗೆ ಅಪ್ಪಟ ಕೆಸರು, ತಲೆಯ ಪೇಟದ ಮೇಲೊಂದು ಹುಲ್ಲು ಕಡ್ಡಿ. ಅವರ ಹೆಂಡತಿ ಏನೋ ಅನ್ನಲು ಹೋದರೆ, “ಬದ ಕಟ್ದೆ ಬುಟ್ರೆ ಬಂದ್ ನೀರೆಲ್ಲಾ ಪಕ್ಕದೋನ್ ಗದ್ದೆಗೆ ಓಯ್ತದಲ್ಲಮ್ಮಿ” ಎಂದು ನೇರ ಮಂಟಪ ಹತ್ತಿ ದೊಡ್ಡಪ್ಪನ ಮುಂದೆ ನಿಂತರು. ಕೆಸರು ಕೈಯಲ್ಲೇ ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡರು. ಹಾಗೇ ಧಾರೆ ಶುರುವಾಯಿತು.

ದೊಡ್ಡಪ್ಪ ಚೆಂಬು ಹಿಡಿದು ಗಂಡು ಹೆಣ್ಣಿನ ಕೈ ಮೇಲೆ ಧಾರೆ ಬಿಡುತ್ತಿದ್ದಾಗ ಅವರ ಜುಬ್ಬಾ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನಿಲ್ಲಿಸಲು ಹೋದ ನಾನು ಅವಸರದಲ್ಲಿ ಸ್ಪೀಕರ್ ಒತ್ತಿಬಿಟ್ಟೆ. ಕಟ್ಟಕಡೆಯ ಗದ್ದೆಯ ಮಂಚಮ್ಮ.

“ಲೇ ಪುಟ್ಟಮಾದ, ಎಷ್ಟ್ಲಾ ನೀರ್ ಬುಡ್ತಿಯೆ, ಬದ ಎಲ್ಲಾ ಕೊಚ್ಕೊಂಡೋಯ್ತಾ ಅದೆ. ಸಾಕು, ನಿಲ್ಲುಸ್ಲಾ.”

ವಾಲಗದವರು ನಿಲ್ಲಿಸಿದರು. ಪುರೋಹಿತರು ನಿಲ್ಲಿಸಿದರು. ನಾಲೆಯ ಬಾಲದಿಂದ ‘ನೀರು ಸಾಕು’ ಎಂಬ ಮಾತನ್ನು ಮೂವತ್ನಾಲ್ಕು ವರ್ಷದಲ್ಲಿ ದೊಡ್ಡಪ್ಪನೂ ಕೇಳಿರಲಿಲ್ಲ, ಆ ಛತ್ರದಲ್ಲಿದ್ದ ಯಾರೂ ಕೇಳಿರಲಿಲ್ಲ. ಬೀಗರು ಕೆಸರು ಕಾಲಲ್ಲಿ ನಿಂತು ನಗಲು ಶುರುಮಾಡಿದರು. ಫೋನಿನಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಇತ್ತು. ಮಂಚಮ್ಮನ ದನಿ ಅಡುಗೆಮನೆಯವರೆಗೂ ಕೇಳಿತ್ತು.

ದೊಡ್ಡಪ್ಪ ಚೆಂಬನ್ನು ಹಾಗೇ ಹಿಡಿದು, ಕಿವಿಯನ್ನು ಫೋನಿನ ಹತ್ತಿರ ತಂದು, ಬೀಗರ ಮುಖ ನೋಡುತ್ತಾ ಹೇಳಿದರು.

“ಇಲ್ಲಿ ಗಲಾಟೆ ಕಣವ್ವ, ಕೇಳುಸ್ತಾ ಇಲ್ಲ. ಇನ್ನೊಂದ್ಸಲ ಯೋಳು.”